ದುಂಡು ತಪ್ಪಿದ ಪೆನ್ನು



ಮನೆಯಲ್ಲಿ ಮೊಸರು ಕಡೆಯುತ್ತೇವೆ. ಲೇತಿನ ಮೇಲೆ ಮರ ಕಡೆಯುತ್ತೇವೆ. ಎರಡಕ್ಕೂ ಮಾತು ಒಂದೇ. ಕೊಡಲಿಯಿಂದ ಮಾಡುವುದು ‘ಕಡಿಯುವುದು’. ಅದರಲ್ಲಿ ‘ಡಿ’ ಇದೆ. ತಿರುಗಿಸಿ ಮಾಡುವುದು ‘ಕಡೆಯುವುದು’. ಇದರಲ್ಲಿ ‘ಡೆ’ ಇದೆ. ಒಂದು ಗುಣಿತ ಬದಲಾದರೆ ಕೆಲಸವೇ ಬದಲಾಯಿತು ನೋಡಿ.

ಕಡೆಗೋಲು ನೆಟ್ಟಗೆ ನಿಂತು ತಿರುಗಿದರೆ ಬೆಣ್ಣೆ ಬರುತ್ತದೆ. ಸೊಟ್ಟಗಿದ್ದರೆ ಏನಾಗುತ್ತದೆ? ಗಡಿಗೆಯ ಬಾಯಿಗೆ ಟಕ್ ಟಕ್ ಅಂತ ಬಡಿಯುತ್ತದೆ. ಆಗ ನಾವು ಮೊಸರನ್ನು ಬೈಯುವುದಿಲ್ಲ. ಕಡೆಗೋಲು ನೋಡುತ್ತೇವೆ. ಹಗ್ಗ ನೋಡುತ್ತೇವೆ. ಕಂಬ ನೋಡುತ್ತೇವೆ. ಮರದ ಪೆನ್ನು ದುಂಡಗೆ ಬಾರದಿದ್ದಾಗಲೂ ಹೀಗೇ ಒಂದೊಂದನ್ನೂ ನೋಡಬೇಕು. ಹೇಗೆ ನೋಡಬೇಕು ಅನ್ನೋದೇ ಇವತ್ತಿನ ಪಾಠ.

ಪೆನ್ನಿನ ಪಾಠ ಯಾಕೆ ಅಂತೀರಾ? ಮೈಸೂರಿನಲ್ಲಿ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಕೆಲವು ಅಕ್ಕಂದಿರು ಹಗಲು ಹೊತ್ತು ಮರ ಕಡೆಯುವ ಕೆಲಸಕ್ಕೆ ಹೋಗುತ್ತಾರೆ. ಮೊದಲು ಕೂಲಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದವರು ಇವರು. ಈಗ ತಾವೇ ಕಡೆದ ಪೆನ್ನಿನಲ್ಲಿ ಸಹಿ ಹಾಕುತ್ತಾರೆ. ಅವರ ಕೂಲಿ ದಿನದ ಲೆಕ್ಕವಲ್ಲ, ಪೆನ್ನಿನ ಲೆಕ್ಕ. ಹತ್ತು ಪೆನ್ನು ಕೊಟ್ಟು ಮೂರು ವಾಪಸು ಬಂದರೆ ಏಳರ ಕೂಲಿ ಮಾತ್ರ ಕೈಗೆ. ಮೂರರ ದುಡಿಮೆಯೂ ಹೋಯಿತು, ಮೂರರ ಮರವೂ ಹೋಯಿತು. ಅದಕ್ಕಿಂತ ನೋವಾಗುವುದು ಒಂದು ಮಾತು. ‘ನಿನ್ನ ಕೈಯೇ ಸರಿಯಿಲ್ಲ ಕಣಮ್ಮ’ ಅಂತ ನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳಬೇಕು.

ಕೈ ಸರಿಯಿಲ್ಲವೋ? ಯಂತ್ರ ಸರಿಯಿಲ್ಲವೋ? ಮರ ಸರಿಯಿಲ್ಲವೋ? ಬಾಯಿ ಜಗಳದಲ್ಲಿ ಇದು ತೀರುವುದಿಲ್ಲ. ಒಂದು ಪೆನ್ಸಿಲು, ಒಂದು ಅಳತೆ, ಒಂದು ಗುರುತು ಇದ್ದರೆ ತೀರುತ್ತದೆ.

ಪೆನ್ನು ಆಗುವ ಬಗೆ

ಈ ಕೆಲಸ ಮಾಡುವವರಿಗೆ ಇದು ಹಳೇ ಕತೆ. ಉಳಿದವರಿಗಾಗಿ ಬೇಗ ಹೇಳಿಬಿಡುತ್ತೇವೆ.

ಹೆಬ್ಬೆರಳು ದಪ್ಪದ ಚೌಕನೆಯ ಮರದ ತುಂಡು ತೆಗೆದುಕೊಳ್ಳುತ್ತಾರೆ. ಬೀಟೆ ಮರದ ಕುಸುರಿ ಕೆಲಸಕ್ಕೆ ಮೈಸೂರು ಹೆಸರುವಾಸಿ. ಅರಮನೆಯಲ್ಲಿ ಬೀಟೆ ಬಾಗಿಲಿನ ಮೇಲೆ ದಂತ ಕೂರಿಸಿರುವುದನ್ನು ನೀವೂ ನೋಡಿರಬಹುದು. ಕುಸುರಿ ಕೆಲಸದಲ್ಲಿ ಮಿಕ್ಕ ಚೂರು ಪೆನ್ನಿಗೆ ಧಾರಾಳವಾಯಿತು. ತುಂಡಿನ ಉದ್ದಕ್ಕೂ ಬೈರಿಗೆಯಿಂದ 7 ಮಿಲಿಮೀಟರ್ ತೂತು ಕೊರೆಯುತ್ತಾರೆ. ಅದರೊಳಗೆ ತೆಳುವಾದ ಹಿತ್ತಾಳೆ ಕೊಳವೆ ಅಂಟಿಸುತ್ತಾರೆ. ಎರಡು ತುದಿಯನ್ನೂ ಮಟ್ಟ ಮಾಡುತ್ತಾರೆ. ಆಮೇಲೆ ಉದ್ದನೆಯ ಉಕ್ಕಿನ ಸರಳಿಗೆ ತುಂಡನ್ನು ಮಣಿಯ ಹಾಗೆ ಪೋಣಿಸುತ್ತಾರೆ. ತುಂಡಿನ ಆಚೆಗೊಂದು, ಈಚೆಗೊಂದು ಉಕ್ಕಿನ ಉಂಗುರ. ಈ ಉಂಗುರಕ್ಕೆ ಬುಷ್ ಅಂತಾರೆ. ಕೊನೆಯಲ್ಲಿ ನಟ್ಟು. ಸರಳಿನ ಎಡತುದಿ ಯಂತ್ರದ ತಿರುಗುವ ತಲೆಯೊಳಗೆ ಕೂರುತ್ತದೆ. ಬಲತುದಿಗೆ ಒಂದು ಮೊನೆ ಆನಿಕೊಂಡಿರುತ್ತದೆ. ಇವನ್ನು ಎಡತಲೆ, ಬಲತಲೆ ಅಂತ ಕರೆಯೋಣ.

ಬುಷ್ಷಿನ ದಪ್ಪವೂ ಪೆನ್ನಿನ ಲೋಹದ ತುದಿಯ ದಪ್ಪವೂ ಒಂದೇ. ಮರವನ್ನು ಕಡೆದು ಬುಷ್ಷಿನ ಮಟ್ಟಕ್ಕೆ ಇಳಿಸಬೇಕು. ಆಗ ಪೆನ್ನು ಜೋಡಿಸಿದಾಗ ಮರ ಮತ್ತು ಲೋಹ ಒಂದೇ ಮೈ ಆಗುತ್ತದೆ. ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಬಾರದು. ತಡೆಯಿತೋ, ಪೆನ್ನು ವಾಪಸು.

ವಡೆ ರೋಗ, ಮೊಟ್ಟೆ ರೋಗ

ದುಂಡು ತಪ್ಪುವುದರಲ್ಲಿ ಎರಡು ಬಗೆ ಇದೆ. ಇವನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಧ ಕೆಲಸ ಮುಗಿಯಿತು.

ಉದ್ದಿನ ವಡೆ ನೆನೆಸಿಕೊಳ್ಳಿ. ವಡೆ ದುಂಡಗೇ ಇದೆ. ಆದರೆ ತೂತು ನಡುವಿಗೆ ಬಿದ್ದಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಇದು ವಡೆ ರೋಗ. ಪೆನ್ನಿನ ಹೊರಮೈ ದುಂಡಗೇ ಇರುತ್ತದೆ, ಒಳಗಿನ ಕೊಳವೆ ಮಾತ್ರ ನಡುವಿನಲ್ಲಿಲ್ಲ. ಹಾಗಾಗಿ ತುದಿಯಲ್ಲಿ ಒಂದು ಮಗ್ಗುಲಿಗೆ ಮರ ಉಬ್ಬಿರುತ್ತದೆ. ಅದರ ಎದುರು ಮಗ್ಗುಲಿಗೆ ಲೋಹ ಉಬ್ಬಿರುತ್ತದೆ.

ಇನ್ನೊಂದು ಮೊಟ್ಟೆ ರೋಗ. ಇಲ್ಲಿ ಕೊಳವೆ ನಡುವಿಗೇ ಇದೆ. ಹೊರಮೈ ದುಂಡಗಿಲ್ಲ. ಮೊಟ್ಟೆಯನ್ನು ಮಲಗಿಸಿದ ಹಾಗೆ ಒಂದು ಕಡೆಗೆ ಅಗಲ, ಇನ್ನೊಂದು ಕಡೆಗೆ ಕಿರಿದು. ಎದುರುಬದುರು ಎರಡು ಮಗ್ಗುಲು ಉಬ್ಬು, ಉಳಿದೆರಡು ಮಗ್ಗುಲು ತಗ್ಗು.

ಹೇಗೆ ಕಂಡುಹಿಡಿಯೋದು? ಕ್ಯಾಲಿಪರ್ ಇದೆಯಲ್ಲ, ಅಳೆಯುವ ಇಕ್ಕಳ, ಅದನ್ನು ತನ್ನಿ. ತುಂಡಿನ ತುದಿಯ ದಪ್ಪ ಅಳೆಯಿರಿ. ಬರೆದುಕೊಳ್ಳಿ. ತುಂಡನ್ನು ಕಾಲು ಸುತ್ತು ತಿರುಗಿಸಿ. ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಬರೆದುಕೊಳ್ಳಿ.

ಮೊದಲು 8.4, ಆಮೇಲೆ 8.1 ಬಂತು ಅನ್ನಿ. ಎರಡು ಅಳತೆ ಬೇರೆ ಬೇರೆ. ಇದು ಮೊಟ್ಟೆ ರೋಗ. ಮೊದಲೂ 8.3, ಆಮೇಲೂ 8.3 ಬಂತು. ಆದರೂ ಉಗುರು ತಡೆಯುತ್ತದೆ. ಇದು ವಡೆ ರೋಗ.

8.3 ಅನ್ನು ಎಂಟು ಪಾಯಿಂಟ್ ಮೂರು ಅಂತ ಓದಿ. ಮಕ್ಕಳ ಜಾಮಿಟ್ರಿ ಡಬ್ಬಿಯಲ್ಲಿ ಸ್ಕೇಲು ಇರುತ್ತದೆ. ಅದರ ಅತಿ ಸಣ್ಣ ಗೆರೆಯಿಂದ ಮುಂದಿನ ಗೆರೆಗೆ 1 ಮಿಲಿಮೀಟರ್. ಅಷ್ಟು ಜಾಗವನ್ನು ಹತ್ತು ಪಾಲು ಮಾಡಿದರೆ ಒಂದು ಪಾಲು 0.1. ಅಷ್ಟು ಸಣ್ಣದು ಕಣ್ಣಿಗೆ ಕಾಣಿಸುತ್ತದೆಯೇ? ಕಷ್ಟ. ಉಗುರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಬೆರಳು ನಮ್ಮದು.

ಒಂದು ವಿಷಯ ಇಲ್ಲಿ ಗಟ್ಟಿಯಾಗಿ ಹೇಳಬೇಕು. ವಡೆ ರೋಗದಲ್ಲಿ ಕ್ಯಾಲಿಪರ್ ಯಾವ ಕಡೆಯಿಂದ ಹಿಡಿದರೂ ಅಳತೆ ಒಂದೇ ಬರುತ್ತದೆ. ‘ಅಳತೆ ಸರಿಯಾಗೇ ಇದೆ, ಜೋಡಿಸುವಾಗ ನೀನು ಕೆಡಿಸಿದ್ದೀಯ’ ಅಂತ ಮೇಸ್ತ್ರಿ ಹೇಳಬಹುದು. ಸುಮ್ಮನಾಗಬೇಡಿ. ದಪ್ಪ ಸರಿಯಿದೆ, ನಡು ಸರಿಯಿಲ್ಲ ಅಂತ ಹೇಳಿ. ದಪ್ಪ ಬೇರೆ, ನಡು ಬೇರೆ.

ಉಬ್ಬು ಯಾರ ಸೆರಗು ಹಿಡಿಯುತ್ತದೆ?

ದಸರಾ ಜಂಬೂಸವಾರಿಯ ಜನಜಂಗುಳಿಯಲ್ಲಿ ಒಂದು ಮಗು ಅಳುತ್ತಾ ನಿಂತಿದೆ. ಸುತ್ತ ನಾಲ್ಕು ಹೆಂಗಸರು. ತಾಯಿ ಯಾರು? ನಾಲ್ವರನ್ನೂ ಬೇರೆ ಬೇರೆ ದಿಕ್ಕಿಗೆ ನಡೆಯಲು ಹೇಳಿ. ಮಗು ಯಾರ ಸೆರಗು ಹಿಡಿದು ಹೋಗುತ್ತದೋ ಅವಳೇ ತಾಯಿ. ವಡೆ ರೋಗದ ಮೂಲವನ್ನೂ ಹೀಗೇ ಹುಡುಕಬೇಕು. ಇಲ್ಲಿ ನಾಲ್ವರು ಯಾರು? ಮರದ ತುಂಡು, ಬುಷ್, ಸರಳು, ಎಡತಲೆ. ಉಬ್ಬೇ ಮಗು.

ಮೊದಲು ಸ್ವಿಚ್ ಆರಿಸಿ. ಪ್ಲಗ್ಗನ್ನೂ ಕಿತ್ತಿಡಿ. ಈ ಪರೀಕ್ಷೆಗೆ ಕರೆಂಟು ಬೇಡ, ಕೈಯಿಂದಲೇ ತಿರುಗಿಸಬೇಕು.

ಉಳಿ ಆನಿಸುವ ಪಟ್ಟಿಯ ಮೇಲೆ ಪೆನ್ಸಿಲು ಮಲಗಿಸಿ ಗಟ್ಟಿಯಾಗಿ ಹಿಡಿಯಿರಿ. ಪೆನ್ಸಿಲಿನ ಮೊನೆ ಬುಷ್ಷಿನ ಹತ್ತಿರ ಬರಲಿ. ತಗುಲಬಾರದು. ನಡುವೆ ಒಂದು ಕೂದಲೆಳೆ ಜಾಗ ಇರಲಿ. ಇನ್ನೊಂದು ಕೈಯಿಂದ ಎಡತಲೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಆ ಕೂದಲೆಳೆ ಜಾಗ ಸುತ್ತಲೂ ಒಂದೇ ಸಮ ಇದೆಯೇ? ಹಾಗಿದ್ದರೆ ಬುಷ್ ಸರಿಯಾಗಿ ಸುತ್ತುತ್ತಿದೆ. ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತದೆಯೇ? ಹಾಗಾದರೆ ಬುಷ್ ಓಲಾಡುತ್ತಿದೆ. ನೋಡಬೇಕಾದದ್ದು ಬುಷ್ಷನ್ನು, ಮರವನ್ನಲ್ಲ. ಯಾಕೆ? ಮರವನ್ನು ಈಗ ತಾನೇ ಉಳಿ ಕೊಟ್ಟು ಕಡೆದಿದ್ದೀರಿ. ಅದು ದುಂಡಗೆ ಸುತ್ತುತ್ತಿರುವ ಹಾಗೇ ಕಾಣುತ್ತದೆ. ನಡು ತಪ್ಪಿದ್ದನ್ನು ಬುಷ್ ಹೇಳುತ್ತದೆ.

ಬುಷ್ ಪೆನ್ಸಿಲಿಗೆ ಅತಿ ಹತ್ತಿರ ಬಂದ ಕಡೆ ನಿಲ್ಲಿಸಿ. ಅಲ್ಲಿ ಒಂದೇ ನೇರ ಗೆರೆ ಎಳೆಯಿರಿ. ಆ ಗೆರೆ ಮರದ ಮೇಲೂ ಬೀಳಲಿ, ಬುಷ್ಷಿನ ಮೇಲೂ, ಸರಳಿನ ಮೇಲೂ, ಎಡತಲೆಯ ಮೇಲೂ ಬೀಳಲಿ. ಉಕ್ಕಿನ ಮೇಲೆ ಪೆನ್ಸಿಲು ಕಾಣದಿದ್ದರೆ ಸ್ಕೆಚ್ ಪೆನ್ನು ಸಾಕು. ಈಗ ನಾಲ್ವರೂ ಒಂದೇ ಸಾಲಿನಲ್ಲಿ ನಿಂತರು. ಇನ್ನು ಒಬ್ಬೊಬ್ಬರನ್ನೇ ಬೇರೆ ಮಾಡೋಣ.

ನಟ್ಟು ಸಡಿಲಿಸಿ. ಮರದ ತುಂಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ. ಮರದ ಗೆರೆ ಈಗ ಹಿಂದಕ್ಕೆ ಹೋಯಿತು. ಉಳಿದ ಮೂರು ಗೆರೆ ಮುಂದೇ ಇವೆ. ನಟ್ಟು ಬಿಗಿ ಮಾಡಿ ಮತ್ತೆ ಪೆನ್ಸಿಲು ಹಿಡಿಯಿರಿ. ಬುಷ್ಷಿನ ಉಬ್ಬು ಈಗ ಎಲ್ಲಿ ಹತ್ತಿರ ಬಂತು? ಮರದ ಗೆರೆಯ ಕಡೆಗೇ ಹೋಯಿತೇ? ಹಾಗಾದರೆ ತಪ್ಪು ಮರದ ತುಂಡಿನದು. ಉಳಿದ ಮೂರು ಗೆರೆಗಳ ಜೊತೆಯೇ ನಿಂತಿತೇ? ಹಾಗಾದರೆ ಮರ ನಿರ್ದೋಷಿ.

ಮರ ನಿರ್ದೋಷಿಯಾದರೆ ಬುಷ್ಷನ್ನು ಅರ್ಧ ಸುತ್ತು ತಿರುಗಿಸಿ ಇದೇ ರೀತಿ ನೋಡಿ. ಬುಷ್ಷೂ ಅಲ್ಲವಾದರೆ ಸರಳನ್ನು ಎಡತಲೆಯಿಂದ ಬಿಡಿಸಿ, ಅರ್ಧ ಸುತ್ತು ತಿರುಗಿಸಿ ಕೂರಿಸಿ. ಉಬ್ಬು ಸರಳಿನ ಗೆರೆಯ ಜೊತೆ ಹೋದರೆ ಸರಳು ಬಾಗಿದೆ. ಸರಳಿನ ಜೊತೆಗೂ ಹೋಗದೆ ಎಡತಲೆಯ ಗೆರೆಯ ಜೊತೆ ಉಳಿದರೆ, ದೋಷ ಎಡತಲೆಯಲ್ಲಿದೆ.

ಇಷ್ಟಕ್ಕೆ ಹತ್ತು ನಿಮಿಷ ಸಾಕು. ಇದರಲ್ಲಿ ಕೈ ಎಲ್ಲಿ ಬಂತು? ಎಲ್ಲೂ ಬರಲಿಲ್ಲ. ಬಾಗಿದ ಸರಳಿನ ಮೇಲೆ ಎಷ್ಟೇ ನುರಿತವರು ಕಡೆದರೂ ವಡೆಯೇ ಬರುತ್ತದೆ.

ಯಾರ ತಪ್ಪಿಗೆ ಏನು ಮದ್ದು

ಮರದ ತುಂಡಿನ ತಪ್ಪು ಅಂದರೆ ಸಾಮಾನ್ಯವಾಗಿ ತುದಿಯ ತಪ್ಪು. ತುದಿ ಮಟ್ಟವಾಗಿಲ್ಲ, ಓರೆ ಆಗಿದೆ. ಬಿಂದಿಗೆ ಮೇಲೆ ಬಿಂದಿಗೆ ಪೇರಿಸುವಾಗ ಕೆಳಗಿನದರ ಬಾಯಿ ಓರೆಯಿದ್ದರೆ ಮೇಲಿನದು ವಾಲುತ್ತದೆ. ಓರೆ ತುದಿಗೆ ಬುಷ್ ಒತ್ತಿ ನಟ್ಟು ಬಿಗಿದರೆ ಸರಳು ಬಗ್ಗುತ್ತದೆ. ಸರಳು ಒಳ್ಳೆಯದೇ, ಬಿಗಿದಾಗ ಮಾತ್ರ ಬಗ್ಗುತ್ತದೆ. ಅದಕ್ಕೇ ತುದಿ ಮಟ್ಟ ಮಾಡುವ ಕೆಲಸದಲ್ಲಿ ಅವಸರ ಬೇಡ. ಆ ಕೆಲಸದ ಕಟ್ಟರಿನ ಕಡ್ಡಿ ಹಿತ್ತಾಳೆ ಕೊಳವೆಯೊಳಗೆ ಹೋಗುತ್ತದೆ. ಕೊಳವೆಯೊಳಗೆ ಅಂಟು ಗಂಟು ಕಟ್ಟಿದ್ದರೆ ಕಡ್ಡಿ ಓರೆಯಾಗುತ್ತದೆ, ತುದಿಯೂ ಓರೆಯಾಗುತ್ತದೆ. ಮೊದಲು ದುಂಡನೆಯ ಅರದಿಂದ ಕೊಳವೆಯ ಒಳಗಿನ ಅಂಟು ಕೆರೆದು ತೆಗೆಯಿರಿ. ಆಮೇಲೆ ತುದಿ ಮಟ್ಟ ಮಾಡಿ. ಮೂಲೆಮಟ್ಟ ಹಿಡಿದು ಬೆಳಕಿಗೆ ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಇನ್ನೂ ಮಟ್ಟವಾಗಿಲ್ಲ ಅಂತ ಅರ್ಥ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ. ‘ತೂತು ಮರದ ನಡುವಿಗೆ ಕೊರೆಯಲಿಲ್ಲ, ಅದಕ್ಕೇ ಪೆನ್ನು ದುಂಡಗಾಗಲಿಲ್ಲ’ ಅಂತಾರೆ. ಇದು ನಿಜವಲ್ಲ. ಕಡೆಯುವಾಗ ಮರ ಸುತ್ತುವುದು ಕೊಳವೆಯನ್ನು ನಡು ಮಾಡಿಕೊಂಡು. ತೂತು ಚೌಕದ ನಡುವಿನಿಂದ ಒಂದಿಷ್ಟು ಪಕ್ಕಕ್ಕಿದ್ದರೂ ಉಳಿ ಅದನ್ನು ಸರಿ ಮಾಡುತ್ತದೆ. ತೀರಾ ಪಕ್ಕಕ್ಕೆ ಹೋದರೆ ಒಂದು ಮಗ್ಗುಲಿಗೆ ಮರ ಸಾಲದೆ ಕೊಳವೆ ಕಾಣಿಸಿಕೊಳ್ಳುತ್ತದೆ. ಅದು ಬೇರೆ ಕಷ್ಟ. ದುಂಡಿಗೂ ಅದಕ್ಕೂ ಸಂಬಂಧ ಇಲ್ಲ.

ಬುಷ್ಷಿನ ತಪ್ಪು ಎರಡು ತರಹ. ಒಳತೂತು ಸವೆದು ಅಗಲವಾಗಿರುತ್ತದೆ. ಆಗ ಬುಷ್ ಸರಳಿನ ಮೇಲೆ ಲಡಕಾಸಿ ಆಡುತ್ತದೆ. ಪ್ರತಿ ಸಾರಿ ಬಿಗಿದಾಗಲೂ ಉಬ್ಬು ಒಂದೊಂದು ಕಡೆಗೆ ಹೋಗುತ್ತದೆ. ಉಬ್ಬು ಯಾರ ಸೆರಗನ್ನೂ ಹಿಡಿಯದೆ ಅಲೆಯುತ್ತಿದ್ದರೆ ಸಡಿಲ ಬುಷ್ ಅಂತಲೇ ತಿಳಿಯಿರಿ. ಇನ್ನೊಂದು, ಹೊರಮೈ ಸವೆದಿರುತ್ತದೆ. ಮರಕ್ಕೆ ಉಪ್ಪು ಕಾಗದ ಉಜ್ಜುವಾಗ ಬುಷ್ಷಿಗೂ ಉಜ್ಜಿ ಉಜ್ಜಿ ಅದು ತೆಳ್ಳಗಾಗುತ್ತದೆ. ಹೊಸದರಲ್ಲಿ 8.3 ಇದ್ದದ್ದು ಈಗ 8.1 ಆಗಿರುತ್ತದೆ. ಮರವನ್ನು ಅದರ ಮಟ್ಟಕ್ಕೆ ಇಳಿಸಿದರೆ ಸುತ್ತಲೂ ಲೋಹವೇ ಉಬ್ಬುತ್ತದೆ. ಹೊಸ ಬುಷ್ ತಂದ ದಿನವೇ ಅದರ ದಪ್ಪ ಅಳೆದು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಸವೆದಿದೆ ಅಂತ ತೋರಿಸಲು ಅದೇ ಸಾಕ್ಷಿ.

ಸರಳಿನ ತಪ್ಪು ಅತಿ ಬಿಗಿಯಿಂದ ಬರುತ್ತದೆ. ತೆಳ್ಳನೆಯ ಬಿದಿರು ಕಡ್ಡಿಯ ಎರಡು ತುದಿಯನ್ನು ಅಂಗೈಗಳ ನಡುವೆ ಒತ್ತಿ ನೋಡಿ. ನಡುವೆ ಬಿಲ್ಲಾಗುತ್ತದೆ. ಬಲತಲೆಯ ಮೊನೆಯನ್ನು ಜೋರಾಗಿ ಒತ್ತಿದರೆ ಸರಳಿಗೂ ಇದೇ ಗತಿ. 7 ಮಿಲಿಮೀಟರ್ ಕೊಳವೆಯೊಳಗೆ ಹೋಗಬೇಕಲ್ಲ, ಸರಳು ಅದಕ್ಕಿಂತಲೂ ತೆಳ್ಳಗಿರುತ್ತದೆ. ಬಲತಲೆಯನ್ನು ಸ್ವಲ್ಪ ಹಿಂದೆ ಸರಿಸಿ ನೋಡಿ. ಓಲಾಟ ನಿಂತರೆ ಸರಳು ಕೆಟ್ಟಿಲ್ಲ, ಒತ್ತಡ ಹೆಚ್ಚಾಗಿತ್ತು ಅಷ್ಟೇ. ಹಿಂದೆ ಸರಿಸಿದರೂ ಓಲಾಡಿದರೆ ಸರಳು ಖಾಯಂ ಬಾಗಿದೆ. ಅದನ್ನು ಬಿಚ್ಚಿ ಕನ್ನಡಿಯ ಮೇಲೆ ಉರುಳಿಸಿ. ಉರುಳುವಾಗ ಅಡಿಯಲ್ಲಿ ಬೆಳಕಿನ ಸಂದು ಬಂದು ಹೋಗುವುದು ಕಾಣುತ್ತದೆ. ಬಾಗಿದ ಸರಳನ್ನು ಸುತ್ತಿಗೆಯಿಂದ ಬಡಿದು ನೇರ ಮಾಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ಹೊಸದೇ ಬೇಕು.

ನಟ್ಟನ್ನು ಬೆರಳಿನಿಂದ ಬಿಗಿದರೆ ಸಾಕು, ಇಕ್ಕಳ ಬೇಡ. ಮೊನೆಯನ್ನು ಸರಳಿಗೆ ತಾಗಿಸಿ, ಸರಳು ತಿರುಗಿದಾಗ ಮೊನೆಯೂ ಜೊತೆಯಲ್ಲಿ ತಿರುಗುವಷ್ಟು ಒತ್ತಿ, ಅಲ್ಲಿಗೆ ನಿಲ್ಲಿಸಿ. ಉದ್ದ ಸರಳಿನ ಮೇಲೆ ಎರಡು ತುಂಡು ಒಟ್ಟಿಗೆ ಕಡೆಯುವ ಬದಲು ಸರಳನ್ನು ಗಿಡ್ಡ ಮಾಡಿ ಒಂದೊಂದೇ ಕಡೆದರೆ ಬಾಗುವುದು ಕಡಿಮೆ. ಈಗ ಸರಳೇ ಇಲ್ಲದೆ ಎರಡು ಮೊನೆಗಳ ನಡುವೆ ಬುಷ್ ಸಿಕ್ಕಿಸಿ ಕಡೆಯುವ ಸಲಕರಣೆಯೂ ಬಂದಿದೆ. ಸರಳೇ ಇಲ್ಲದಿದ್ದರೆ ಬಾಗುವುದೇನು? ಸಂಘದ ದುಡ್ಡಿನಲ್ಲಿ ಏನಾದರೂ ಕೊಳ್ಳುವ ಮಾತು ಬಂದರೆ ಇದನ್ನು ನೆನಪಿಡಿ.

ಎಡತಲೆಯ ತಪ್ಪು ಬಹಳ ಸಲ ಬರೀ ಧೂಳಿನ ತಪ್ಪು. ಸರಳು ಕೂರುವ ಗೂಡಿನಲ್ಲಿ ಒಂದು ಮರದ ಚೂರು ಸಿಕ್ಕಿಕೊಂಡಿರುತ್ತದೆ. ಬೀಸುವ ಕಲ್ಲಿನ ಗೂಟದ ಬುಡಕ್ಕೆ ರಾಗಿ ಕಾಳು ಸಿಕ್ಕಿದ ಹಾಗೆ. ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ. ಯಂತ್ರ ನಿಂತಿರುವಾಗ ಮಾತ್ರ. ಒಳಗೆ ಬೆರಳು ಹಾಕಬೇಡಿ.

ಬಲತಲೆಯನ್ನೂ ಒಮ್ಮೆ ನೋಡಿಬಿಡಿ. ಸರಳು ತೆಗೆದು, ಎಡತಲೆಗೂ ಒಂದು ಮೊನೆ ಸಿಕ್ಕಿಸಿ, ಎರಡು ಮೊನೆಗಳನ್ನು ಹತ್ತಿರ ತನ್ನಿ. ಎರಡೂ ಎದುರುಬದುರು ಮುತ್ತಿಡುವ ಹಾಗೆ ಕೂಡಬೇಕು. ಒಂದು ಮೇಲೆ, ಒಂದು ಕೆಳಗೆ ಆದರೆ ಸರಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಏಳುತ್ತದೆ. ಹಾಗೆ ಬಿಟ್ಟರೆ ಎಡತಲೆಯ ಹಿಡಿತವೂ ಸಡಿಲವಾಗುತ್ತದೆ. ಇದನ್ನು ಮೆಕ್ಯಾನಿಕ್ ಬಂದು ಸರಿ ಮಾಡಬೇಕು.

ಮೊಟ್ಟೆ ರೋಗಕ್ಕೆ ಕಾರಣ ಬೇರೆ

ಹಸಿ ಮರ ಒಣಗುವಾಗ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮ ಕುಗ್ಗಿದ್ದರೆ ತೊಂದರೆಯೇ ಇರಲಿಲ್ಲ. ಮರದ ಅಡ್ಡ ಕೊಯ್ತದಲ್ಲಿ ವರ್ಷದ ಬಳೆಗಳು ಕಾಣುತ್ತವಲ್ಲ, ಆ ಬಳೆಗಳ ಸುತ್ತಿನ ಗುಂಟ ಹೆಚ್ಚು ಕುಗ್ಗುತ್ತದೆ. ಬಳೆಗಳನ್ನು ಅಡ್ಡ ದಾಟುವ ದಿಕ್ಕಿಗೆ ಸುಮಾರು ಅದರ ಅರ್ಧದಷ್ಟು ಮಾತ್ರ. ಆದ್ದರಿಂದ ಇವತ್ತು ದುಂಡಗೆ ಕಡೆದ ಹಸಿ ತುಂಡು ಕೆಲವು ದಿನ ಕಳೆದ ಮೇಲೆ ಮೊಟ್ಟೆಯಾಗುತ್ತದೆ. ಸಂಜೆ ಒಪ್ಪಿಸಿದಾಗ ಸರಿ ಇತ್ತು, ಅಂಗಡಿಗೆ ಹೋದ ಮೇಲೆ ಕೆಟ್ಟಿತು. ಅಲ್ಲೂ ಬೈಗುಳ ಕೈಗೇ.

ಮರ ಒಣಗಿದೆ ಅಂತ ತಿಳಿಯೋದು ಹೇಗೆ? ಕೈಯಲ್ಲಿ ಹಿಡಿದು ಹೇಳುವವರಿದ್ದಾರೆ. ನಮಗೆ ತಕ್ಕಡಿಯೇ ವಾಸಿ. ತುಂಡಿನ ಮೇಲೆ ಒಂದು ನಂಬರು ಬರೆಯಿರಿ. ತೂಕ ಮಾಡಿ, ತಾರೀಕಿನ ಜೊತೆ ಬರೆಯಿರಿ. ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ. ಮೂರು ವಾರ ಒಂದೇ ತೂಕ ಬಂದರೆ ಕಡೆಯಬಹುದು. ಮಳೆಗಾಲದಲ್ಲಿ ನಿಧಾನವಾಗಿ ಒಣಗುತ್ತದೆ. ತುಂಡುಗಳನ್ನು ನೆಲಕ್ಕೆ ಹಾಕದೆ, ಗಾಳಿ ಆಡುವ ಹಾಗೆ ಅಟ್ಟಣೆಯ ಮೇಲೆ ಇಡಿ. ಸುಡು ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ಬಿರುಕೂ ಬಿಡುತ್ತದೆ.

ಒಣಗಿದ ಮರವೂ ಮೊಟ್ಟೆಯಾಗುವುದುಂಟು. ಅದಕ್ಕೆ ಮೊಂಡು ಉಳಿ ಕಾರಣ, ಅತಿಯಾಗಿ ಉಜ್ಜುವುದು ಕಾರಣ. ಮರದಲ್ಲಿ ಗಟ್ಟಿ ಎಳೆ ಇದೆ, ಮೆತ್ತನೆ ಎಳೆ ಇದೆ. ಮೊಂಡು ಉಳಿ ಗಟ್ಟಿ ಎಳೆಯ ಮೇಲೆ ಜಾರುತ್ತದೆ, ಮೆತ್ತನೆಯದನ್ನು ಅಗೆಯುತ್ತದೆ. ಉಪ್ಪು ಕಾಗದವೂ ಹಾಗೇ, ಮೆತ್ತಗಿರುವುದನ್ನೇ ಮೊದಲು ತಿನ್ನುತ್ತದೆ. ಉಳಿ ಚೂಪಿದೆಯೋ ಇಲ್ಲವೋ ಅಂತ ಕೆಳಗೆ ಬೀಳುವ ಮರವೇ ಹೇಳುತ್ತದೆ. ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಬಂದರೆ ಚೂಪು. ಹಿಟ್ಟಿನ ಹಾಗೆ ಪುಡಿ ಬಂದರೆ ಮೊಂಡು. ಕೊನೆಯ ಎರಡು ಸುತ್ತು ಆಗ ತಾನೇ ಸಾಣೆ ಹಿಡಿದ ಉಳಿಯಿಂದ ಹಗುರವಾಗಿ ಕಡೆಯಿರಿ. ಆಗ ಉಜ್ಜುವುದಕ್ಕೆ ಹೆಚ್ಚು ಉಳಿಯುವುದೇ ಇಲ್ಲ.

ಬೀಟೆ ಮರದ ಧೂಳು ಕೆಲವರಿಗೆ ಆಗಿಬರುವುದಿಲ್ಲ. ಚರ್ಮ ಕೆರೆಯುತ್ತದೆ, ಮೂಗು, ಗಂಟಲು ಉರಿಯುತ್ತದೆ. ಉಜ್ಜುವಾಗ ಮೂಗು, ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ. ಸೆರಗು ಸುತ್ತಿ ಸಿಕ್ಕಿಸಿ. ಜಡೆ ಕಟ್ಟಿ ಮೇಲೆ ಮಾಡಿ. ಕೈಬಳೆ ತೆಗೆದಿಡಿ. ತಿರುಗುವ ಸರಳಿಗೆ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಚನ್ನಪಟ್ಟಣದಲ್ಲಿ ಬಣ್ಣವೇ ಹೇಳುತ್ತದೆ

ಮೈಸೂರಿನಿಂದ ಬೆಂಗಳೂರಿನ ಕಡೆಗೆ ಹೋದರೆ ಮಂಡ್ಯ, ಮದ್ದೂರು ದಾಟಿದ ಮೇಲೆ ಚನ್ನಪಟ್ಟಣ ಸಿಗುತ್ತದೆ. ಗೊಂಬೆಗಳ ಊರು. ಅಲ್ಲಿ ತಲೆತಲಾಂತರದಿಂದ ಮರ ಕಡೆಯುತ್ತಾರೆ. ಹಿಂದೆ ಕೈಯಿಂದ ತಿರುಗಿಸುವ ಲೇತು. ಈಗ ಕರೆಂಟಿನದೂ ಇದೆ. ಹೆಂಗಸರೂ ಲೇತಿನ ಮುಂದೆ ಕೂತು ಕಡೆಯುತ್ತಾರೆ.

ಅವರು ಹೆಚ್ಚಾಗಿ ಬಳಸುವುದು ಆಲೆ ಮರ. ಗಮನವಿಟ್ಟು ಓದಿ. ಆಲದ ಮರ ಅಲ್ಲ, ಆಲೆ ಮರ. ಆಲದ ಮರಕ್ಕೆ ಬಿಳಲು ಇರುತ್ತದೆ. ಆಲೆ ಮರ ಬೇರೆಯೇ, ಸಣ್ಣ ಮರ. ಅದರ ಕಟ್ಟಿಗೆ ಬೆಳ್ಳಗಿರುತ್ತದೆ. ಎಳೆ ನುಣುಪು. ಗಟ್ಟಿ ಎಳೆ, ಮೆತ್ತನೆ ಎಳೆ ಅಂತ ಹೆಚ್ಚು ಭೇದ ಇಲ್ಲ. ಕಡೆಯಲು ಅದಕ್ಕೇ ಚೆನ್ನ.

ಬಣ್ಣ ಹಚ್ಚುವ ಬಗೆ ನೋಡಬೇಕು. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಅರಗು ಸಮವಾಗಿ ಹರಡಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಮರ ದುಂಡು ತಪ್ಪಿದ್ದರೆ? ಕಡ್ಡಿ ಉಬ್ಬಿಗೆ ಮಾತ್ರ ತಗುಲುತ್ತದೆ, ತಗ್ಗಿಗೆ ತಗುಲುವುದಿಲ್ಲ. ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಬೋಳು. ಅಲ್ಲಿ ಕ್ಯಾಲಿಪರ್ ಬೇಕಿಲ್ಲ, ಬಣ್ಣವೇ ಚಾಡಿ ಹೇಳಿಬಿಡುತ್ತದೆ. ನಮ್ಮ ಪೆನ್ನಿನ ಮರಕ್ಕೂ ಈ ಉಪಾಯ ಬರುತ್ತದೆ. ಕೊನೆಯ ಸುತ್ತಿಗೆ ಮೊದಲು, ಮರ ತಿರುಗುವಾಗ ಪಟ್ಟಿಯ ಮೇಲೆ ಪೆನ್ಸಿಲು ಆನಿಸಿ ಮೆಲ್ಲಗೆ ತಾಗಿಸಿ. ಯಂತ್ರ ನಿಲ್ಲಿಸಿ ನೋಡಿ. ಗೆರೆ ಸುತ್ತಲೂ ಬಿದ್ದಿದ್ದರೆ ದುಂಡು. ಅಲ್ಲಲ್ಲಿ ಬಿಟ್ಟುಹೋಗಿದ್ದರೆ ದುಂಡಗಿಲ್ಲ. ಆದರೆ ಇದು ಹೊರಮೈಯ ಮಾತು ಮಾತ್ರ. ನಡು ತಪ್ಪಿದ್ದನ್ನು ಹೇಳುವುದು ಬುಷ್ಷೇ.

ಅರಗು ಅಂದೆವಲ್ಲ, ಅದು ಒಂದು ಸಣ್ಣ ಹುಳು ಮರದ ರೆಂಬೆಯ ಮೇಲೆ ಕಟ್ಟುವ ಅಂಟು. ಮುತ್ತುಗದ ಮರದ ಮೇಲೂ ಕಟ್ಟುತ್ತದೆ. ನಮ್ಮ ಮೈಸೂರಿನಲ್ಲೇ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಓಟು ಹಾಕಿದಾಗ ಬೆರಳಿಗೆ ಹಚ್ಚುತ್ತಾರಲ್ಲ, ಅಳಿಸದ ಶಾಯಿ, ಅದೂ ಅಲ್ಲಿಯದೇ. 1962ರ ಮಹಾ ಚುನಾವಣೆಯಿಂದ ಅಲ್ಲಿಂದಲೇ ಹೋಗುತ್ತಿದೆ.

ಪುಸ್ತಕದಲ್ಲಿ ಬರೆಯೋಣ

ಪರೀಕ್ಷೆ ಮಾಡಿದರೆ ಸಾಲದು. ಬರೆಯಬೇಕು. ಬಾಯಲ್ಲಿ ಹೇಳಿದ್ದನ್ನು ‘ಹಾಗೆ ಹೇಳಲೇ ಇಲ್ಲ’ ಅನ್ನಬಹುದು. ತಾರೀಕು ಹಾಕಿ ಬರೆದದ್ದನ್ನು ಅನ್ನಲಾಗದು. ಬರಹ ಹೇಗಿರಬೇಕು ಅಂತ ಒಂದು ಪುಟ ತೋರಿಸುತ್ತೇವೆ. ಜೋರಾಗಿ ಓದಿ.

ತಾರೀಕು 3. ಕಡೆದದ್ದು 10. ವಾಪಸು 3.
ಅಳತೆ 8.3. ಕಾಲು ಸುತ್ತಿನ ಮೇಲೆ 8.3. ಉಗುರು ತಡೆಯುತ್ತದೆ.
ಮರ ತಿರುಗಿಸಿದೆ. ಉಬ್ಬು ಜೊತೆಗೆ ಹೋಗಲಿಲ್ಲ.
ಬುಷ್ ತಿರುಗಿಸಿದೆ. ಜೊತೆಗೆ ಹೋಗಲಿಲ್ಲ.
ಸರಳು ತಿರುಗಿಸಿದೆ. ಜೊತೆಗೆ ಹೋಯಿತು.
ಬಲತಲೆ ಹಿಂದೆ ಸರಿಸಿದೆ. ಓಲಾಟ ನಿಲ್ಲಲಿಲ್ಲ.
ಸರಳು ಬಾಗಿದೆ. ಹೊಸದು ಬೇಕು.
ಸಹಿ.

ಈ ಪುಟವನ್ನು ಮೇಸ್ತ್ರಿಯ ಕೈಗೆ ಕೊಡಿ. ಅವರ ಎದುರಿಗೇ ಪರೀಕ್ಷೆ ಮತ್ತೊಮ್ಮೆ ಮಾಡಿ ತೋರಿಸಿ. ಆ ಮೂರು ಪೆನ್ನಿನ ಕೂಲಿಯ ಮಾತು ಆಮೇಲೆ ಎತ್ತಿ. ಒಬ್ಬರೇ ಹೋಗಲು ಅಳುಕಾದರೆ ಇಬ್ಬರು ಹೋಗಿ.

ಇನ್ನೊಂದು ಪುಟ ಕೊಟ್ಟಿದ್ದೇವೆ. ಇದಕ್ಕೆ ಉತ್ತರ ನೀವು ಬರೆಯಬೇಕು.

ತಾರೀಕು 17. ಕಡೆದದ್ದು 12. ವಾಪಸು 4.
ಅಳತೆ 8.5. ಕಾಲು ಸುತ್ತಿನ ಮೇಲೆ 8.2.
ಬುಷ್ ಓಲಾಡುವುದಿಲ್ಲ. ಉಳಿ ಚೂಪಿದೆ, ಸುರುಳಿ ಬರುತ್ತದೆ.
ಅದೇ ಮರದ, ಇನ್ನೂ ಕಡೆಯದ ತುಂಡು, ನಂಬರು 6. ತೂಕ ಹೋದ ವಾರ 41 ಗ್ರಾಂ, ಈ ವಾರ 38 ಗ್ರಾಂ.

ಇದು ವಡೆ ರೋಗವೋ, ಮೊಟ್ಟೆ ರೋಗವೋ? ತಪ್ಪು ಯಾರದು? 6ನೇ ನಂಬರಿನ ತುಂಡನ್ನು ಈ ವಾರ ಕಡೆಯಬಹುದೇ? ಪಕ್ಕದ ಖಾಲಿ ಪುಟದಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಕೆಳಗೆ ತಾರೀಕು ಹಾಕಿ, ಸಹಿ ಮಾಡಿ.